ಸಂಜೆಯ ಗುರುತು

ಸಂಜೆಯ ಗುರುತನ್ನು ಅವನು ಬೆಳಿಗ್ಗೆಯೇ ಹಾಕಿಬಿಟ್ಟಿದ್ದ. ಅದೂ ಒಂದು ಸಂಜೆಯದಲ್ಲ. ಗುರುವಾರ ಬೆಳಿಗ್ಗೆ ಏಳಕ್ಕೆ ನಾಯಿಯ ಬಾಯಿಗೆ ಮಾತ್ರೆ ಹಾಕಿ, ಹಾಗೆಯೇ ತಿರುಗಿ, ಅಡುಗೆಮನೆಯ ಬೀರುವಿನ ಬಾಗಿಲೊಳಗೆ ಅಂಟಿಸಿದ್ದ ಹಾಳೆಯ ಮುಂದೆ ನಿಂತಿದ್ದ. ದಾರಕ್ಕೆ ಕಟ್ಟಿದ ಪೆನ್ಸಿಲ್ಲಿನಿಂದ ಆ ಹೊತ್ತಿನ ಚೌಕಕ್ಕೊಂದು ಗುರುತು ಹಾಕಿದ ಕೈ ಅಲ್ಲಿಗೇ ನಿಲ್ಲದೆ ಪಕ್ಕದ ಸಂಜೆಯ ಚೌಕಕ್ಕೂ, ಕೆಳಗಿನ ಶುಕ್ರವಾರದ ಎರಡೂ ಚೌಕಗಳಿಗೂ ಒಂದೇ ಏಟಿಗೆ ಗೀಚಿ ಪೆನ್ಸಿಲ್ ಬಿಟ್ಟಿತ್ತು. ಆಗ ತಾನು ಏನು ಯೋಚಿಸುತ್ತಿದ್ದೆ ಎಂದು ಈಗ, ಸೋಮವಾರ, ಪಂಪ್‌ಹೌಸಿನ ಕಬ್ಬಿಣದ ಕುರ್ಚಿಯ ಮೇಲೆ ಕೂತು ಎಷ್ಟು ಕೆದಕಿದರೂ ಏನೂ ಸಿಗುತ್ತಿರಲಿಲ್ಲ. ಏನೂ ಯೋಚಿಸುತ್ತಿರಲಿಲ್ಲ, ಅದೇ ತಾನೇ ಕರ್ಮ. ಕೊಡುವುದಂತೂ ಕೊಟ್ಟೇ ಕೊಡುತ್ತೇವೆ, ಗುರುತು ಈಗ ಬಿದ್ದರೇನು, ಆಮೇಲೆ ಬಿದ್ದರೇನು? ಕೈಗೆ ಗೊತ್ತಿದ್ದದ್ದು ಅಷ್ಟೇ. ಇಪ್ಪತ್ತಾರು ವರ್ಷದಿಂದ ಅದಕ್ಕೆ ಕಲಿಸಿದ್ದೂ ಅಷ್ಟೇ.

ಎದುರಿಗೆ ಮೂರು ಪಂಪುಗಳಲ್ಲಿ ಎರಡು ಓಡುತ್ತಿದ್ದವು, ಮೂರನೆಯದು ಬದಲಿಗೆಂದು ಸುಮ್ಮನೆ ಕೂತಿತ್ತು. ಗೋಡೆಯ ಮೇಲೆ ಸಾಲಾಗಿ ಒತ್ತಡದ ಗೇಜುಗಳು. ಗಂಟೆಗೊಮ್ಮೆ ಎದ್ದು ಹೋಗಿ, ಮುಳ್ಳು ಎಲ್ಲಿದೆ ನೋಡಿ, ತೊಟ್ಟಿಯಲ್ಲಿ ನೀರಿನ ಮಟ್ಟ ನೋಡಿ ಲಾಗ್ ಪುಸ್ತಕದಲ್ಲಿ ಬರೆಯಬೇಕು. ನಿಯಮವೇನೋ ಹಾಗಿದೆ. ಗಂಟೆಗೊಮ್ಮೆ ಏಳುವ ಮಹಾನುಭಾವನನ್ನು ಅವನು ಈ ಇಪ್ಪತ್ತಾರು ವರ್ಷದಲ್ಲಿ ಕಂಡವನಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಅವನೂ ಕೋಳಿಯ ಹಾಗೆ ಎದ್ದು ಕೂತು ಮಾಡುತ್ತಿದ್ದಾಗ, ಎಲ್ಲರೂ 'ತಾತ' ಎಂದು ಕರೆಯುತ್ತಿದ್ದ ಹಿರಿಯ ಆಪರೇಟರು ಅವನ ಕೈಯಿಂದ ಪೆನ್ನು ಕಿತ್ತುಕೊಂಡು, ಮಧ್ಯಾಹ್ನದವರೆಗಿನ ನಾಲ್ಕು ಸಾಲುಗಳನ್ನು ಚಹಾ ಆರುವಷ್ಟರಲ್ಲಿ ತುಂಬಿಸಿ ತೋರಿಸಿದ್ದರು. "ಬರೆದದ್ದು ನಿಲ್ಲುತ್ತೆ ಕಣಯ್ಯಾ, ನಡೆದದ್ದು ನೀರಿನ ಜೊತೆ ಹೋಗುತ್ತೆ" ಎಂದಿದ್ದರು. ಎರಡನೇ ಗೇಜಿನ ಮುಳ್ಳು ಕೆಟ್ಟು ಎರಡು ವರ್ಷ ನಾಲ್ಕು ಪಾಯಿಂಟ್ ಎರಡರಲ್ಲೇ ನಿಂತಿದ್ದಾಗ, ಒಂದೇ ಅಂಕಿ ಬರೆದರೆ ಸಂಶಯ ಬರುತ್ತದೆಂದು ಒಂದು ಗಂಟೆ ನಾಲ್ಕು ಪಾಯಿಂಟ್ ಒಂದು, ಇನ್ನೊಂದು ಗಂಟೆ ನಾಲ್ಕು ಪಾಯಿಂಟ್ ಮೂರು ಎಂದು ಏರಿಳಿತ ಕೊಟ್ಟು ಬರೆಯುವ ಕಲೆಯನ್ನೂ ತಾತನೇ ಕಲಿಸಿದ್ದು. ತಪಾಸಣೆಗೆ ಬಂದ ಎಂಜಿನಿಯರು ಆ ಪುಟಗಳನ್ನು ತಿರುವಿ, ಅವನ ಬೆನ್ನು ತಟ್ಟಿ, ನಿಮ್ಮಂಥವರು ನಾಲ್ಕು ಜನ ಇದ್ದರೆ ಸಾಕಪ್ಪ ಎಂದಿದ್ದರು. ಆವತ್ತು ಮನೆಗೆ ಹೋಗಿ ಅಕ್ಕನ ಮುಂದೆ ಅದನ್ನು ಹೇಳಿಕೊಂಡು ಎಷ್ಟು ಹಿಗ್ಗಿದ್ದ! ಎಂಜಿನಿಯರು ಮೆಚ್ಚಿದ್ದು ಕೆಟ್ಟ ಗೇಜಿನ ಪುಟ ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಇವತ್ತು ಬೆಳಿಗ್ಗೆಯಿಂದ ಅವನು ಗಂಟೆಗೊಮ್ಮೆ ಏಳುತ್ತಿದ್ದ. ಒಂಬತ್ತಕ್ಕೆ ಎದ್ದ, ಹತ್ತಕ್ಕೆ ಎದ್ದ. ಗೇಜಿನ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರೆ ಮುಳ್ಳು ಒಂದು ಕಡೆ ನಿಲ್ಲುವುದೇ ಇಲ್ಲ, ಸಣ್ಣಗೆ ನಡುಗುತ್ತಲೇ ಇರುತ್ತದೆ. ಇಷ್ಟು ವರ್ಷ ಇದು ನಡುಗುತ್ತಿತ್ತೆ? ಎಲ್ಲಿಗೆ ಎಂದು ಬರೆಯುವುದು ಈ ನಡುಕವನ್ನು? ಪೆನ್ನು ಹಿಡಿದು ನಿಂತವನಿಗೆ ಶುಕ್ರವಾರ ಕಂಡ ನಾಯಿ ದೊರೆಯ ಕೆಳತುಟಿ ನೆನಪಾಯಿತು. ಫಿಟ್ಸು ನಿಂತ ಮೇಲೂ ಅದೊಂದು ಹೀಗೆಯೇ ನಡುಗುತ್ತಿತ್ತು. ಬಾಗಿಲಲ್ಲಿ ಬೀಡಿ ಹಚ್ಚುತ್ತಿದ್ದ ವೈರ್‌ಮನ್ ಅವನನ್ನೇ ನೋಡುತ್ತಿದ್ದವನು, "ಏನ್ಸಾರ್, ಇವತ್ತು ಗೇಜಿನ ಮೇಲೆ ಇಷ್ಟು ಪ್ರೀತಿ? ನಿವೃತ್ತಿ ಹತ್ತಿರ ಬಂತು ಅಂತ ನಿಯತ್ತು ಬಂತಾ?" ಎಂದು ಹಲ್ಲು ಬಿಟ್ಟ. ಬೇರೆ ದಿನವಾಗಿದ್ದರೆ ಅದಕ್ಕೆ ತಕ್ಕ ಉತ್ತರ ಸಿಗುತ್ತಿತ್ತು. ಇವತ್ತು ಅವನು "ಮೂರಕ್ಕೆ ಹೋಗ್ಬೇಕು, ಸ್ವಲ್ಪ ನೋಡ್ಕೋ. ನಾಯೀನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು" ಎಂದಷ್ಟೇ ಹೇಳಿ ಕೂತ.

ಗುರುವಾರ ನಾಲ್ಕಕ್ಕೆ ಬರಬೇಕಾದ ಬದಲಿಯವನು ಬರಲಿಲ್ಲ. ಸರಿ, ಅವನ ಪಾಳಿಯೂ ಇವನ ತಲೆಗೇ ಬಂತು. ಮನೆ ಹತ್ತು ನಿಮಿಷದ ದಾರಿ. ಇಂಥ ದಿನಗಳಲ್ಲಿ ಏಳು ಗಂಟೆಯ ಹೊತ್ತಿಗೆ ವೈರ್‌ಮನ್‌ನನ್ನು ಕೂರಿಸಿ, ಓಡಿಹೋಗಿ ದೊರೆಗೆ ಮಾತ್ರೆ ಕೊಟ್ಟು ಓಡಿ ಬರುವುದು ರೂಢಿ. ಅಕ್ಕನಿಗೂ ಅದು ಗೊತ್ತು. ಆವತ್ತು ಆರೂವರೆಗೆ ದೊಡ್ಡ ಕೊಳವೆಯ ವಾಲ್ವು ಸೋರತೊಡಗಿತು. ಮೈಯೆಲ್ಲ ತೊಯ್ದುಕೊಂಡು ಸ್ಪ್ಯಾನರಿಗೆ ಜೋತುಬಿದ್ದಿದ್ದವನಿಗೆ ಏಳಾದದ್ದೇ ತಿಳಿಯಲಿಲ್ಲ. ಎಂಟಕ್ಕೆ ನೆನಪಾದಾಗ, ಅಕ್ಕ ಇದ್ದಾಳಲ್ಲ, ಕೊಟ್ಟಿರುತ್ತಾಳೆ ಬಿಡು ಎಂದುಕೊಂಡ. ಅಕ್ಕ ಹೊಲಿದ ಬಟ್ಟೆಗಳನ್ನು ಅಂಗಡಿಗೆ ತಲುಪಿಸಿ ಏಳೂಕಾಲಿಗೆ ಮನೆಗೆ ಬಂದು, ಬೀರು ತೆಗೆದು, ಕನ್ನಡಕ ಹಾಕದೆ ಆ ಒಂದು ಚೌಕದ ಗುರುತನ್ನಷ್ಟೇ ನೋಡಿ, ತಮ್ಮ ಬಂದು ಕೊಟ್ಟು ಹೋಗಿದ್ದಾನೆ ಎಂದುಕೊಂಡಳು. ಶುಕ್ರವಾರ ಬೆಳಿಗ್ಗೆ ಅಕ್ಕ ಸ್ನಾನದಲ್ಲಿದ್ದಾಗ ನಿದ್ದೆಗಣ್ಣಲ್ಲಿ ಅವನೇ ಬೀರು ತೆಗೆದ. ಡಬ್ಬಿ ತೆರೆದು ಮಾತ್ರೆಯನ್ನು ಅಂಗೈಗೂ ಹಾಕಿಕೊಂಡಿದ್ದ. ನೋಡಿದರೆ ಬೆಳಗಿನ ಚೌಕದಲ್ಲಿ ಗುರುತಿದೆ. ಓಹೋ, ಅಕ್ಕ ಆಗಲೇ ಕೊಟ್ಟಾಯಿತು. ಎರಡು ಸಲ ಕೊಟ್ಟರೆ ಅಪಾಯ ಎಂದು ಡಾಕ್ಟರಮ್ಮ ಹೇಳಿದ್ದರಲ್ಲ, ಸದ್ಯ ನೋಡಿದೆನಲ್ಲ ಎಂದು ತನ್ನ ಎಚ್ಚರಿಕೆಯನ್ನು ತಾನೇ ಮೆಚ್ಚಿಕೊಂಡು ಮಾತ್ರೆಯನ್ನು ಡಬ್ಬಿಗೆ ಹಾಕಿ ಮುಚ್ಚಿಟ್ಟ. ಅಕ್ಕನ ಗುರುತು ಅವಳ ಹೊಲಿಗೆಯ ಹಾಗೆ ಗಿಡ್ಡ. ಅವನದಕ್ಕೆ ಉದ್ದನೆಯ ಬಾಲ. ಆ ಬಾಲ ಕಣ್ಣಿಗೆ ಕಂಡಿತ್ತು, ತಲೆಗೆ ಹೋಗಿರಲಿಲ್ಲ. ತಾನು ಬರೆದ ಸುಳ್ಳನ್ನು ತಾನೇ ಓದಿ ನಂಬಿದ ಜಾಣ ಊರಿಗೆ ತಾನೊಬ್ಬನೇ ಇರಬೇಕು.

ಹನ್ನೊಂದಕ್ಕೆ ಅಕ್ಕನ ಫೋನು. "ಬಾರೋ, ಬೇಗ ಬಾರೋ, ದೊರೆ..." ಅಷ್ಟೇ. ಅವನು ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಐವತ್ತಮೂರು ವರ್ಷದ ಗಂಡಸು ಬರಿಗಾಲಲ್ಲಿ ಓಡುವುದನ್ನು ಜನ ಅಂಗಡಿಗಳಿಂದ ಇಣುಕಿ ನೋಡಿದರು. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನಿನ ಕೆಳಗೆ, ಚಿಂದಿಬಟ್ಟೆಗಳ ನಡುವೆ ದೊರೆ ಅಡ್ಡಬಿದ್ದಿದ್ದ. ಮೊದಲನೆಯ ಫಿಟ್ಸು ಮುಗಿದು ಅರ್ಧ ಗಂಟೆಯೂ ಆಗಿರಲಿಲ್ಲ, ಇವನು ಹೊಸ್ತಿಲು ದಾಟುವಾಗ ಎರಡನೆಯದು ಹಿಡಿದುಕೊಂಡಿತು. ಕುತ್ತಿಗೆ ಹಿಂದಕ್ಕೆ ಬಾಗಿ, ನಾಲ್ಕೂ ಕಾಲು ಗಾಳಿಯಲ್ಲಿ ಈಜತೊಡಗಿದವು. ದವಡೆಗಳು ಒಂದಕ್ಕೊಂದು ಬಡಿಯುವ ಸದ್ದು. ಬಾಯಿಯಿಂದ ನೊರೆ, ಕೆಳಗೆ ಉಚ್ಚೆ, ಅದರಲ್ಲೇ ಕಿವಿ ಒದ್ದೆಯಾಗುತ್ತಿತ್ತು. ಅಕ್ಕ ಕತ್ತರಿ, ಗುಂಡುಸೂಜಿಯ ಡಬ್ಬಿ ಎಲ್ಲವನ್ನೂ ದೂರ ತಳ್ಳಿ, ಯಾರದೋ ಅರ್ಧ ಹೊಲಿದ ಕೋಟನ್ನು ದೊರೆಯ ತಲೆಯ ಕೆಳಗೆ ತುರುಕಿದ್ದಳು. "ಟೈಮ್ ನೋಡೋ, ಟೈಮ್ ನೋಡು ಅಂದಿದ್ರಲ್ಲ ಡಾಕ್ಟ್ರು!" ಎಂದು ಕಿರುಚಿದಳು. ಅವನು ಗಡಿಯಾರ ನೋಡಿದ. ಇಪ್ಪತ್ತಾರು ವರ್ಷ ಮುಳ್ಳು ಓದಿಯೇ ಅನ್ನ ತಿಂದವನಿಗೆ ಸೆಕೆಂಡಿನ ಮುಳ್ಳು ಎಲ್ಲಿಂದ ಹೊರಟಿತು, ಎಲ್ಲಿಗೆ ಬಂತು ಎಂಬುದೇ ಹಿಡಿತಕ್ಕೆ ಸಿಗಲಿಲ್ಲ. ಬಾಯಿಗೆ ಕೈ ಹಾಕಬಾರದು, ಅದುಮಿ ಹಿಡಿಯಬಾರದು, ನೀರು ಹಾಕಬಾರದು. ಮಾಡಬಾರದ್ದೆಲ್ಲ ಚೆನ್ನಾಗಿ ನೆನಪಿತ್ತು. ಮಾಡಬೇಕಾದ್ದು ಏನೂ ಇರಲಿಲ್ಲ, ನೋಡುತ್ತ ಕೂರುವುದೊಂದನ್ನು ಬಿಟ್ಟು. ಆಮೇಲೆ ಹಾಳೆಯಲ್ಲಿ 'ಎಷ್ಟು ಹೊತ್ತು' ಎಂಬ ಚೌಕದಲ್ಲಿ ಎರಡು ನಿಮಿಷ ಎಂದು ಬರೆದ. ಎರಡೋ, ನಾಲ್ಕೋ, ಯಾರಿಗೆ ಗೊತ್ತು?

ಎದ್ದ ಮೇಲೆ ದೊರೆ ಅವನನ್ನು ಗುರುತಿಸಲಿಲ್ಲ. ಇದು ಪ್ರತಿ ಸಲವೂ ಹೀಗೆಯೇ, ಸ್ವಲ್ಪ ಹೊತ್ತು ಕಣ್ಣು ಕಾಣುವುದಿಲ್ಲ, ಮನೆಯವರು ಯಾರೆಂದು ತಿಳಿಯುವುದಿಲ್ಲ, ಸರಿಹೋಗುತ್ತಾನೆ ಎಂದು ಡಾಕ್ಟರಮ್ಮ ಹಿಂದೆಯೇ ಹೇಳಿದ್ದರು. ಆದರೂ ಗೋಡೆಗೆ ಢಿಕ್ಕಿ ಹೊಡೆಯುತ್ತ, ಕುರ್ಚಿಯ ಕಾಲಿಗೆ ಸಿಕ್ಕಿಕೊಳ್ಳುತ್ತ ಸುತ್ತು ಹಾಕುತ್ತಿದ್ದವನನ್ನು ಹಿಡಿಯಲು ಕೈ ಚಾಚಿದಾಗ, ದೊರೆ ಹಲ್ಲು ಕಿರಿದು ಗುರ್ ಎಂದಾಗ, ಅವನಿಗೆ ಅನ್ನಿಸಿದ್ದು ಅದಲ್ಲ. ತನಗಿನ್ನೂ ಗೊತ್ತಿಲ್ಲದ್ದೇನೋ ಇವನಿಗೆ ಗೊತ್ತಾಗಿದೆ ಎನ್ನಿಸಿತು. ಒಂಬತ್ತು ವರ್ಷದ ಹಿಂದೆ ಒಣಗಿದ ತೊಟ್ಟಿಯ ಮೂಲೆಯಲ್ಲಿ ಕುಂಯ್ಗುಡುತ್ತಿದ್ದುದನ್ನು ಊಟದ ಚೀಲದಲ್ಲಿ ಹಾಕಿಕೊಂಡು ಬಂದದ್ದು ಅವನೇ. ನೆಲದ ಮೇಲಿಟ್ಟ ಬಟ್ಟಲನ್ನು ಮೂಸಿಯೂ ನೋಡದೆ, ಯಾರಾದರೂ ಕೈಯಲ್ಲಿ ಹಿಡಿದರೆ ಮಾತ್ರ ಕುಡಿಯುತ್ತಿದ್ದ ಆ ಅಂಗೈಯಗಲದ ಪ್ರಾಣಿಯನ್ನು ನೋಡಿ ಅಕ್ಕ, "ಅಬ್ಬಾ, ದೊರೆಗಳು ದಯಮಾಡಿಸಿದ್ರಪ್ಪ! ಸಿಂಹಾಸನ ಎಲ್ಲಿ ಹಾಕೋಣ?" ಎಂದಿದ್ದಳು. ಹೆಸರು ಅಲ್ಲಿಗೆ ನಿಂತಿತು. ಅದೇ ದೊರೆ ಈಗ ಸ್ವಂತ ಉಚ್ಚೆಯಲ್ಲಿ ಜಾರುತ್ತ ಅವನಿಂದ ದೂರ ದೂರ ಸರಿಯುತ್ತಿದ್ದ. ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಬಾಗಿಲಲ್ಲಿ ನಿಂತು, "ಪಾಪದ ಪ್ರಾಣೀನ ಯಾಕೆ ಹೀಗೆ ನರಳಿಸ್ತೀರಿ? ಒಂದು ಸೂಜಿ ಹಾಕಿಸಿ ಕಳಿಸ್ಬಿಡಿ" ಎಂದರು. ಅಕ್ಕ ಮೆಲ್ಲಗೆ ಎದ್ದುಹೋಗಿ ಅವರ ಮುಖಕ್ಕೆ ಬಾಗಿಲು ಹಾಕಿದಳು. ತಾನು ಹಾಕಬೇಕಿತ್ತು ಎಂದು ಅವನಿಗೆ ಅನ್ನಿಸಿತು. ಆದರೆ ಅವನ ಕೈಯಲ್ಲಿ ಆಗ ಒರೆಸುವ ಬಟ್ಟೆ ಇತ್ತು, ಕಣ್ಣು ಬೀರುವಿನ ಕಡೆ ಹೋಗಿತ್ತು. ಬಾಗಿಲು ತೆಗೆದು ನೋಡಿದ. ನಾಲ್ಕು ಗುರುತು, ನಾಲ್ಕು ಉದ್ದ ಬಾಲ.

ಆವತ್ತು ಕ್ಲಿನಿಕ್ಕಿನಲ್ಲಿ ದೊರೆಗೆ ಫಿಟ್ಸು ನಿಲ್ಲುವ ಸೂಜಿ ಚುಚ್ಚಿ, ಸ್ವಲ್ಪ ಹೊತ್ತು ಕಾದು, ಡಾಕ್ಟರಮ್ಮ ಹೇಳಿದ್ದು ಅವನಿಗೆ ಒಂದಕ್ಷರ ಬಿಡದೆ ನೆನಪಿದೆ. "ಸೋಮವಾರ ಆ ಹಾಳೆ ತನ್ನಿ. ಒಂದು ಹೊತ್ತೂ ತಪ್ಪದೆ ಕೊಟ್ಟು ಹೀಗಾಗಿದ್ರೆ ಈ ಮಾತ್ರೆ ಸಾಲ್ತಿಲ್ಲ ಅಂತ ಅರ್ಥ. ಪ್ರಮಾಣ ಹೆಚ್ಚಿಸಿ, ಜೊತೆಗೆ ಇನ್ನೊಂದು ಔಷಧಿ ಸೇರಿಸ್ಬೇಕಾಗುತ್ತೆ. ಹಿಂಗಾಲು ತೂರಾಡುತ್ತೆ, ಮಂಕಾಗ್ತಾನೆ. ಇವನ ಲಿವರ್ ಮೊದಲೇ ಅಷ್ಟಕ್ಕಷ್ಟೆ, ಅದೇ ಯೋಚನೆ." ಅಲ್ಲೇ ಹೇಳಿಬಿಡಬಹುದಿತ್ತು. ಎರಡೇ ಮಾತು. ತಪ್ಪಿದೆ, ಎರಡು ಹೊತ್ತು ತಪ್ಪಿದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಅಕ್ಕ ಬಿಕ್ಕುತ್ತ, "ನನ್ನಿಂದಲೇ ಡಾಕ್ಟ್ರೇ, ನನ್ನ ಮಿಷನ್ನಿಂದಲೇ ಆಗಿದ್ದು" ಎಂದುಬಿಟ್ಟಳು. ಹಳೆಯ ಕಾಲುಮಿಷನ್ನಿಗೆ ಮೋಟರು ಕೂರಿಸಿದ್ದು ಗುರುವಾರ. ಶುಕ್ರವಾರ ಬೆಳಿಗ್ಗೆ ಅವಳು ಮೊದಲ ಸಲ ಅದನ್ನು ಜೋರಾಗಿ ಓಡಿಸಿದ್ದಳು, ಅದರ ಕೆಳಗೇ ದೊರೆ ಮಲಗಿದ್ದ. "ಸದ್ದಿನಿಂದ ಕೆಲವಕ್ಕೆ ಬರೋದುಂಟು, ಹೇಳೋಕಾಗಲ್ಲ" ಎಂದರು ಡಾಕ್ಟರಮ್ಮ. ಆ ಕ್ಷಣ ಅವನ ಎದೆಯಲ್ಲಿ ಏನೋ ಸಡಿಲವಾಯಿತು. ಅದು ನೆಮ್ಮದಿಯಾಗಿತ್ತು. ಅದನ್ನು ಈಗ ನೆನೆದರೆ ಪಂಪ್‌ಹೌಸಿನ ನೆಲದಲ್ಲಿ ಹೂತುಹೋಗಬಾರದೇ ಎನ್ನಿಸುತ್ತದೆ. ಹತ್ತು ವರ್ಷದವನಿದ್ದಾಗ ಅವನು ಒಡೆದ ಹೂಜಿಗೆ ಅಕ್ಕ ಏಟು ತಿಂದಿದ್ದಳು. ಆಗಲೂ ಅವನು ಬಾಗಿಲ ಹಿಂದೆ ನಿಂತಿದ್ದ.

ಅಂದಿನಿಂದ ಮಿಷನ್ ಓಡಿಲ್ಲ. ಅಕ್ಕ ಅದರ ಮೇಲೆ ಹಳೆಯ ದುಪ್ಪಟಿ ಹೊದಿಸಿದ್ದಾಳೆ. ಹೊಲಿಯಲು ಬಂದ ಬಟ್ಟೆಗಳು ಮೂಲೆಯಲ್ಲಿ ಬಿದ್ದಿವೆ. ಮದುವೆಗೆ ಬೇಕಾದ ರವಿಕೆಯವಳು ಎರಡು ಸಲ ಬಂದು ಮುಖ ಊದಿಸಿಕೊಂಡು ಹೋದಳು. ಮಿಷನ್ನಿನ ಸದ್ದಿಲ್ಲದ ಮನೆ ಎಷ್ಟು ದೊಡ್ಡದು ಎಂದು ಅವನಿಗೆ ಈ ಮೂರು ದಿನದಲ್ಲಿ ತಿಳಿಯಿತು. ಅವನು ಓದಿದ್ದು, ಉಂಡದ್ದು, ಕೆಲಸಕ್ಕೆ ಸೇರಿದ್ದು ಎಲ್ಲ ಆ ಸದ್ದಿನ ಮೇಲೆ. ಶನಿವಾರ ಹೇಳೋಣವೆಂದುಕೊಂಡ, ಅಕ್ಕ ಊಟವೇ ಮಾಡಲಿಲ್ಲ, ಹೇಗೆ ಹೇಳುವುದು? ಭಾನುವಾರ ಗಟ್ಟಿ ಮನಸ್ಸು ಮಾಡಿ ಅವಳೆದುರು ಹೋಗಿ ಕೂತ. "ಅಕ್ಕಾ" ಎಂದ. ಅವಳು ದೊರೆಯ ಕಿವಿ ಸವರುತ್ತ, "ಸುಮ್ನಿರೋ ತಮ್ಮ, ಸಮಾಧಾನ ಹೇಳೋಕೆ ಬರ್ಬೇಡ. ನಿನಗಿರೋ ಅಚ್ಚುಕಟ್ಟು ನನಗೆ ಒಂದಾಣೆಯಷ್ಟಾದ್ರೂ ಇದ್ದಿದ್ರೆ... ನೀನು ಆ ಡಬಲ್ ಡ್ಯೂಟಿ ಮಧ್ಯೆನೂ ಓಡಿಬಂದು ಮಾತ್ರೆ ಹಾಕಿ ಹೋದೆ. ನಾನು ಮೋಟರು ಬೇಕು ಅಂತ ಕುಣಿದೆ" ಎಂದಳು. "ನೀರು ಕುಡೀತೀಯಾ?" ಎಂದು ಕೇಳಿ ಎದ್ದ. ನಾಳೆ ಡಾಕ್ಟರ ಮುಂದೆ ಹೇಳಿದರಾಯಿತು, ಅಲ್ಲಿ ಹೇಳಿದರೆ ಇಬ್ಬರಿಗೂ ಒಟ್ಟಿಗೇ ಹೇಳಿದಂತಾಗುತ್ತದೆ ಎಂದು ಲೆಕ್ಕ ಹಾಕಿ ಮಲಗಿದ. ಇವತ್ತು ಬೆಳಿಗ್ಗೆ ಏಳಕ್ಕೆ ಸರಿಯಾಗಿ ದೊರೆಯ ಬಾಯಿಗೆ ಮಾತ್ರೆ ಹಾಕಿ, ತಿರುಗಿ, ಹಾಳೆಯ ಮುಂದೆ ನಿಂತು, ಇವತ್ತು ಹೇಳಿಯೇ ಹೇಳುತ್ತೇನೆ ಎಂದು ಮನಸ್ಸಿನಲ್ಲೇ ಆಣೆ ಮಾಡುತ್ತ ಗುರುತು ಹಾಕಿದ. ಅಷ್ಟರಲ್ಲಿ ಅಕ್ಕ ಹೊರಗಿನಿಂದ ಆಟೋದವನಿಗೆ ಹೇಳಿದ್ದೀಯಾ ಎಂದು ಕೂಗಿದಳು. ಪೆನ್ಸಿಲ್ ಬಿಟ್ಟು ಹೊರಗೆ ಹೋದ.

ಕ್ಲಿನಿಕ್ಕಿನ ಬೆಂಚಿನ ಮೇಲೆ ಅವರ ಸರದಿ ಬರುವಾಗ ನಾಲ್ಕು ದಾಟಿತ್ತು. ದೊರೆ ಅಕ್ಕನ ಕಾಲ ಮೇಲೆ ಗಲ್ಲವಿಟ್ಟು ಮಲಗಿದ್ದ. ಪಕ್ಕದಲ್ಲಿ ಬುಟ್ಟಿಯೊಳಗಿನ ಬೆಕ್ಕಿನ ಯಜಮಾನಿ, "ಏನಾಗಿದೆ ಇದಕ್ಕೆ?" ಎಂದು ಕೇಳಿ, ಫಿಟ್ಸು ಎಂದದ್ದೇ ಬುಟ್ಟಿಯನ್ನು ಆಚೆ ಕಡೆಗೆ ಇಟ್ಟುಕೊಂಡಳು. ಅಂಟುರೋಗವಲ್ಲಮ್ಮ ಎಂದು ಅವನು ಹೇಳಹೋದವನು ಸುಮ್ಮನಾದ. ತೊಡೆಯ ಮೇಲೆ ಸುರುಳಿ ಸುತ್ತಿದ ಹಾಳೆ ಬೆವರಿಗೆ ಮೆತ್ತಗಾಗುತ್ತಿತ್ತು. ಮೊದಲ ಮಾತು ಹೇಗಿರಬೇಕು ಎಂದು ಅವನು ಬಾಯಿಪಾಠ ಮಾಡುತ್ತಿದ್ದ. ಡಾಕ್ಟ್ರೇ, ಒಂದು ವಿಷಯ. ಡಾಕ್ಟ್ರೇ, ಆವತ್ತು ಏನಾಯ್ತು ಅಂದ್ರೆ. ಡಾಕ್ಟ್ರೇ, ನನ್ನದು ಒಂದು ತಪ್ಪಾಗಿದೆ. ಮೂರರಲ್ಲಿ ಯಾವುದೂ ತನ್ನ ಬಾಯಿಯ ಮಾತಿನಂತೆ ಕೇಳಿಸಲಿಲ್ಲ.

ಒಳಗೆ ಹೋದಾಗ ಡಾಕ್ಟರಮ್ಮ ಮೊದಲು ದೊರೆಯ ಕಣ್ಣಿಗೆ ದೀಪ ಬಿಟ್ಟು ನೋಡಿದರು, ಹಿಂಗಾಲು ಮಡಚಿ ಬಿಡಿಸಿದರು. ಆಮೇಲೆ ಹಾಳೆ ಬಿಡಿಸಿ ಮೇಜಿನ ಮೇಲೆ ಹರಡಿದರು. ಅಕ್ಕ ಅಳತೆಪಟ್ಟಿ ಇಟ್ಟು ಎಳೆದ ಗೆರೆಗಳು, ಚೌಕಚೌಕದಲ್ಲೂ ಗುರುತು, ಎಲ್ಲೂ ಒಂದು ಖಾಲಿ ಇಲ್ಲ. ಅವರ ಮುಖ ಅರಳಿತು. "ಅಯ್ಯೋ, ಈ ಸಲವೂ ಹೀಗೇ! ಇಷ್ಟು ಚೆನ್ನಾಗಿ ಯಾರೂ ಇಡಲ್ಲ ರೀ! ನಾನು ಬಾಯಿ ಬಡ್ಕೊಳ್ತೀನಿ, ಬರೀರಿ ಬರೀರಿ ಅಂತ. ಇದರದೊಂದು ಪ್ರತಿ ತೆಗೆದು ಹೊರಗಡೆ ಗೋಡೆಗೆ ಹಾಕ್ಲಾ? ಬೇರೆಯವರು ನೋಡಿ ಕಲೀಲಿ" ಎಂದರು. ಅಕ್ಕ ಕಣ್ಣೊರೆಸಿಕೊಂಡು, "ಎಲ್ಲ ಇವನೇ ಡಾಕ್ಟ್ರೇ. ಇವನ ಆಫೀಸಲ್ಲೂ ಹಾಗೇ ಹೊಗಳ್ತಾರೆ" ಎಂದಳು. ಅವನ ಕಿವಿ ಕಾದವು. ಬೆನ್ನ ಮೇಲೆ ಎಂಜಿನಿಯರರ ಕೈ ಮತ್ತೆ ಬಿದ್ದ ಹಾಗಾಯಿತು. "ಹಾಗಾದ್ರೆ ಒಂದೂ ತಪ್ಪಿಲ್ಲ, ಅಲ್ವಾ?" ಎಂದು ಡಾಕ್ಟರಮ್ಮ ನೇರವಾಗಿ ಅವನ ಮುಖ ನೋಡಿ ಕೇಳಿದರು. ಇದೇ ಆ ಕ್ಷಣ ಎಂದು ಅವನಿಗೆ ಗೊತ್ತಿತ್ತು. ಬಾಯಿ ತೆರೆದ. "ಇಲ್ಲ" ಎಂದ. ಇಲ್ಲ, ತಪ್ಪಿದೆ ಎನ್ನಬೇಕೆಂದಿದ್ದನೋ, ತಪ್ಪಿಲ್ಲ ಎನ್ನಬೇಕೆಂದಿದ್ದನೋ, ಬಂದದ್ದು ಅದೊಂದೇ ಮಾತು, ಮುಂದಿನದು ಬರಲಿಲ್ಲ. ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು ಚೀಟಿ ಎಳೆದುಕೊಂಡು ಬರೆಯಲು ಶುರುಮಾಡಿದರು. ಒಂದು ಸಾಲು ಬರೆದರು. ಕೆಳಗೆ ಎರಡನೇ ಔಷಧಿಯ ಹೆಸರಿಗೆಂದು ಪೆನ್ನು ಇಳಿಯಿತು. ಮೇಜಿನ ಮೇಲೆ ದೊರೆ ಅವನ ಮಣಿಕಟ್ಟನ್ನು ನೆಕ್ಕುತ್ತಿದ್ದ. ಹೇಳು, ಈಗಲಾದರೂ ಹೇಳು ಎಂದು ಒಳಗಿನಿಂದ ಒದೆಯುತ್ತಿದ್ದರೂ ಅವನು ನಿಂತೇ ಇದ್ದ.

ಅಕ್ಕ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡಳು. ತಮ್ಮನ ಹಾಳೆ ಗೋಡೆಗೆ ಹೋಗುತ್ತದೆಂದರೆ ಒಮ್ಮೆ ಕಣ್ತುಂಬ ನೋಡಬೇಡವೇ? ಸೂಜಿ ಚುಚ್ಚಿ ಒರಟಾದ ಅವಳ ತೋರುಬೆರಳು ಮೇಲಿನ ಸಾಲಿನಿಂದ ನಿಧಾನವಾಗಿ ಇಳಿಯುತ್ತ ಬಂದು ಕೊನೆಯ ಸಾಲಿಗೆ ಮುಟ್ಟಿ ಅಲ್ಲಿ ನಿಂತಿತು. ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದಳು. ನಾಲ್ಕೂ ಇಪ್ಪತ್ತು. ಮತ್ತೆ ಹಾಳೆ ನೋಡಿದಳು. ಅವನೂ ಬಗ್ಗಿ ನೋಡಿದ. ಸೋಮವಾರ, ಬೆಳಿಗ್ಗೆ, ಗುರುತು. ಸೋಮವಾರ, ಸಂಜೆ, ಗುರುತು, ಉದ್ದ ಬಾಲ. ಯಾವಾಗ ಹಾಕಿದೆ? ದೇವರೇ, ಆಣೆ ಮಾಡುತ್ತಿದ್ದ ಆ ನಿಮಿಷದಲ್ಲೇ! ಅಕ್ಕ ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು. ಬೆರಳು ಮೇಲಕ್ಕೆ ಹತ್ತಿ, ಗುರುವಾರದ ಸಾಲಿನಲ್ಲಿ, ಶುಕ್ರವಾರದ ಸಾಲಿನಲ್ಲಿ ಬಾಲಗಳನ್ನು ಒಂದೊಂದಾಗಿ ಮುಟ್ಟಿ ನೋಡಿತು.

"ಡಾಕ್ಟ್ರೇ, ಸ್ವಲ್ಪ ನಿಲ್ಲಿ. ಬರೀಬೇಡಿ" ಎಂದಳು. ಆಮೇಲೆ ಅವನಿಗೆ, "ಹೇಳು."

ಅವನು ಹೇಳಿದ. ಬಾಯಿಪಾಠ ಮಾಡಿದ್ದು ಒಂದೂ ಉಪಯೋಗಕ್ಕೆ ಬರಲಿಲ್ಲ. "ಗುರುವಾರ ಸಂಜೆ ಕೊಟ್ಟಿಲ್ಲ. ಶುಕ್ರವಾರ ಬೆಳಿಗ್ಗೆನೂ ಕೊಟ್ಟಿಲ್ಲ. ಮೊದಲೇ ಗೀಚಿದ್ದೆ." ಡಾಕ್ಟರಮ್ಮ ಬರೆದಿದ್ದ ಸಾಲನ್ನು ಹೊಡೆದುಹಾಕಿ, ಪೆನ್ನಿಗೆ ಮುಚ್ಚಳ ಹಾಕಿದರು. ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು. ಹಾಳೆಯನ್ನು ಅವನ ಕಡೆಗೆ ತಿರುಗಿಸಿಟ್ಟು, "ಎಂಟು ತಿಂಗಳಿಂದ ಇಂಥ ಹಾಳೆಗಳನ್ನ ನೋಡೇ ನಾನು ಪ್ರಮಾಣ ಕೂರಿಸ್ಕೊಂಡು ಬಂದಿರೋದು. ಈಗ ಹೇಳಿ, ಇದರಲ್ಲಿ ಕೊಟ್ಟಿದ್ದು ಯಾವುದು, ಬರೀ ಗೀಚಿದ್ದು ಯಾವುದು?" ಎಂದರು. ಅವನು ನೋಡಿದ. ನಿಜವಾಗಿಯೂ ನೋಡಿದ, ಮೊದಲ ಸಾಲಿನಿಂದ. ತನ್ನ ಗುರುತುಗಳು ಎಲ್ಲವೂ ಒಂದೇ ಥರ ಇದ್ದವು. ಈ ಬುಧವಾರ ಕೊಟ್ಟಿದ್ದೆನೇ? ಆ ಭಾನುವಾರ? ಕೊಟ್ಟೇ ಇರಬೇಕು, ಕೊಡದೆ ಇರುತ್ತೇನೆಯೇ? ನೆನಪಿಗೆ ಹಿಡಿಯಲು ಹೋದಲ್ಲೆಲ್ಲ ಬೀರುವಿನ ಬಾಗಿಲು, ಪೆನ್ಸಿಲ್ಲು, ತನ್ನ ಕೈ ಇಷ್ಟೇ ಸಿಗುತ್ತಿತ್ತು. ನಾಯಿಯ ಮುಖ ಒಂದರಲ್ಲೂ ಇರಲಿಲ್ಲ. "ಗೊತ್ತಿಲ್ಲ" ಎಂದ. ಡಾಕ್ಟರಮ್ಮ ರಕ್ತ ತೆಗೆದರು; ಮಾತ್ರೆಯ ಅಂಶ ಎಷ್ಟಿದೆ ಎಂದು ಎರಡು ದಿನಕ್ಕೆ ಗೊತ್ತಾಗುತ್ತದೆ, ಅಲ್ಲಿವರೆಗೆ ಇರುವ ಪ್ರಮಾಣವೇ ಇರಲಿ ಎಂದರು. "ದಯವಿಟ್ಟು ಕೊಟ್ಟ ಮೇಲೆ ಬರೀರಿ. ಇಲ್ಲಾಂದ್ರೆ ಬರೀಲೇ ಬೇಡಿ." ಪ್ರತಿ ತೆಗೆಯುವ ಮಾತು ಮತ್ತೆ ಬರಲಿಲ್ಲ.

ಆಟೋದಲ್ಲಿ ಅಕ್ಕ ದೊರೆಯನ್ನು ತೊಡೆಯ ಮೇಲೆ ಹಾಕಿಕೊಂಡು ಹೊರಗೆ ನೋಡುತ್ತ ಕೂತಿದ್ದಳು. ಅರ್ಧ ದಾರಿ ಕಳೆದ ಮೇಲೆ, "ಮೂರು ದಿನ ನಾನು ಮಿಷನ್ ಮುಟ್ಲಿಲ್ಲ ಕಣೋ" ಎಂದಳು. ದನಿ ಏರಿರಲಿಲ್ಲ. "ಮೂರು ದಿನ, ನಾನೇ ಇದನ್ನ ಸಾಯಿಸ್ತಿದ್ದೀನಿ ಅಂದ್ಕೊಂಡು ಅದರ ಮುಖ ನೋಡೋಕಾಗದೆ ಒದ್ದಾಡಿದೀನಿ. ನೀನು ನೀರು ಕುಡೀತೀಯಾ ಅಂತ ಕೇಳಿದೆ." ಅವನಿಗೆ ಅಳು ಬಂತು. ಅಳುವುದಕ್ಕೂ ತನಗೆ ಹಕ್ಕಿಲ್ಲ ಎನ್ನಿಸಿ ಗಂಟಲು ಕೆರೆದುಕೊಂಡ. ತಪ್ಪಾಯ್ತಕ್ಕ ಎಂದದ್ದು ಆಟೋದ ಸದ್ದಿಗೆ ಅವನಿಗೇ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿದ. ಅಕ್ಕ ತೊಡೆಯಿಂದ ಜಾರುತ್ತಿದ್ದ ದೊರೆಯನ್ನು ಮೇಲೆಳೆದುಕೊಂಡಳು.

ಮನೆಗೆ ಬಂದವಳು ಮಿಷನ್ನಿನ ದುಪ್ಪಟಿ ತೆಗೆದು ಮಡಚಿಟ್ಟಳು, ಆದರೆ ಹೊಲಿಯಲು ಕೂರಲಿಲ್ಲ. ಹೊಸ ಹಾಳೆಗೆ ಗೆರೆ ಎಳೆದಳು. ಎರಡೇ ದಿನಕ್ಕಾಗುವಷ್ಟು ಚೌಕ ಎಳೆದು ನಿಲ್ಲಿಸಿ, ಹಳೆಯದರ ಜಾಗದಲ್ಲಿ ಅಂಟಿಸಿ, ಪೆನ್ಸಿಲ್ಲನ್ನು ದಾರದಿಂದ ಬಿಚ್ಚಿ ತನ್ನ ಕಿವಿಗೆ ಸಿಕ್ಕಿಸಿಕೊಂಡಳು. ಏಳಾಯಿತು. "ಕೊಡು. ನಾನು ನೋಡ್ತೀನಿ" ಎಂದಳು. ಅವನು ಬ್ರೆಡ್ಡಿನ ಚೂರಿನಲ್ಲಿ ಮಾತ್ರೆ ಹುದುಗಿಸಿ ದೊರೆಯ ಮುಂದೆ ಮಂಡಿಯೂರಿದ. ದೊರೆ ಏನೂ ನಡೆದೇ ಇಲ್ಲವೆಂಬಂತೆ ಅಂಗೈಯಿಂದ ಎತ್ತಿಕೊಂಡು, ಎರಡು ಸಲ ದವಡೆ ಆಡಿಸಿ, ಬಾಲ ಅಲ್ಲಾಡಿಸಿದ. ಎಂದಿನಂತೆ ಎದ್ದು ತಿರುಗಲು ಅವನ ಮೈ ಆಗಲೇ ಅಣಿಯಾಗಿತ್ತು, ಬೀರುವಿನ ಕಡೆಗೆ ಹೆಗಲು ವಾಲಿತ್ತು.

"ಹೋಯ್ತಾ?" ಎಂದಳು ಅಕ್ಕ.

ಹೂಂ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ತಡೆದ. "ಗೊತ್ತಿಲ್ಲ. ಇರು" ಎಂದು ಮತ್ತೆ ಕೆಳಗೆ ಕೂತು, ದೊರೆಯ ದವಡೆಯನ್ನು ಮೆಲ್ಲಗೆ ಬಿಡಿಸಿ, ಎಂಟು ತಿಂಗಳಲ್ಲಿ ಮೊದಲ ಸಲ ಒಳಗೆ ಬೆರಳಾಡಿಸಿದ. ನಾಲಿಗೆಯ ಕೆಳಗೆ ಇರಲಿಲ್ಲ. ಬಲಗೆನ್ನೆಯಲ್ಲಿ ಇರಲಿಲ್ಲ. ಎಡಗೆನ್ನೆಯ ಹಿಂಬದಿಯಲ್ಲಿ, ಹಲ್ಲಿಗೂ ತುಟಿಗೂ ನಡುವೆ ಬೆರಳಿಗೆ ಸಣ್ಣಗೆ, ಗಟ್ಟಿಯಾಗಿ ತಗುಲಿತು. ಬ್ರೆಡ್ಡು ಹೋಗಿತ್ತು. ಮಾತ್ರೆ ಇತ್ತು.

ಅವನು ಅಕ್ಕನ ಮುಖ ನೋಡಿದ. ಅವಳು ಕಿವಿಯಿಂದ ತೆಗೆದಿದ್ದ ಪೆನ್ಸಿಲ್ಲನ್ನು ಹಾಗೆಯೇ ಹಿಡಿದು ನಿಂತಿದ್ದಳು. ಹಳೆಯ ಹಾಳೆ, ಅದರ ತುಂಬ ಇದ್ದ ಗುರುತುಗಳು, ಅವುಗಳಲ್ಲಿ ನಿಜವಾಗಿ ಕೊಟ್ಟದ್ದೆಂದು ನಂಬಿದವೂ ಸೇರಿ ಇಬ್ಬರ ಕಣ್ಣ ಮುಂದೆಯೂ ಹಾದುಹೋದಂತಾಯಿತು. ಅವನು ಮಾತ್ರೆಯನ್ನು ಗಂಟಲ ಹತ್ತಿರಕ್ಕೆ ದೂಡಿ, ದೊರೆಯ ಬಾಯಿಯನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದ. ಅಕ್ಕ ಪೆನ್ಸಿಲ್ ನೆಲದ ಮೇಲಿಟ್ಟು ಪಕ್ಕದಲ್ಲಿ ಕೂತು ಗಂಟಲು ನೀವತೊಡಗಿದಳು. ದೊರೆ ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡುತ್ತಿದ್ದ. ದೊರೆ ನುಂಗುವವರೆಗೂ ಇಬ್ಬರೂ ಕಾದರು.